ಅಡುಗೆ ಬಾರದ ಚಟ್ನಿಪುಡಿ ಅಜ್ಜಿ

ಕತ್ರಿಗುಪ್ಪೆಯ ಮುಖ್ಯರಸ್ತೆಯಲ್ಲಿ ಒಂದು ಬೆಳಿಗ್ಗೆ ಹೆಣ್ಣುಮಗಳೊಬ್ಬಳು ಸ್ಕೂಟರ್ ನಿಲ್ಲಿಸಿ ಇಳಿದು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. "ಅಜ್ಜಿ, ನೀವು ಚಟ್ನಿಪುಡಿ ಅಜ್ಜಿ ಅಲ್ವಾ? ನಮ್ಮನೇಲಿ ದಿನಾ ನಿಮ್ಮ ಪುಡೀನೇ. ಏನ್ ಕೈರುಚಿ ಅಜ್ಜಿ ನಿಮ್ದು!" ನಾನು ಬಾಯಿ ತೆರೆಯುವಷ್ಟರಲ್ಲಿ ಮೊಬೈಲಿನಲ್ಲಿ ಇಬ್ಬರ ಫೋಟೊ ತೆಗೆದುಕೊಂಡು, ಹೆಲ್ಮೆಟ್ ಹಾಕಿಕೊಂಡು ಹೋಗಿಯೇಬಿಟ್ಟಳು. ಅವಳು ಯಾರೋ ನನಗೆ ಗೊತ್ತಿಲ್ಲ. ಅವಳಿಗೆ ಗೊತ್ತಿಲ್ಲದ್ದು ಅದಕ್ಕಿಂತ ದೊಡ್ಡದು: ನನಗೆ ಅಡುಗೆ ಬರುವುದಿಲ್ಲ.

ಗದಗಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿ ಮೂವತ್ತೊಂದು ವರ್ಷ ಕೆಲಸ ಮಾಡಿದವಳು ನಾನು. ಬೆಳಿಗ್ಗೆ ಐದಕ್ಕೆ ಗಂಟೆ, ಐದೂವರೆಗೆ ಪ್ರಾರ್ಥನೆ, ಏಳೂವರೆಗೆ ತಿಂಡಿ. ಅಡುಗೆಗೆ ಬೇರೆಯವರಿದ್ದರು. ಮದುವೆಯಾಗಲಿಲ್ಲ, ನನ್ನದೆನ್ನುವ ಒಲೆಯೂ ಇರಲಿಲ್ಲ. ನಾನು ನಿವೃತ್ತಳಾದ ಮರುವರ್ಷ ಬೆಂಗಳೂರಿನಲ್ಲಿದ್ದ ತಂಗಿ ಶಾಂತಾಳ ಗಂಡ ತೀರಿಕೊಂಡ. ಅವರಿಗೆ ಮಕ್ಕಳಿರಲಿಲ್ಲ. "ಅಕ್ಕಾ, ನೀ ಅಲ್ಲೊಬ್ಬಾಕಿ, ನಾ ಇಲ್ಲೊಬ್ಬಾಕಿ. ಯಾತಕ್ಕ? ಇಲ್ಲೇ ಬಾ" ಅಂದಳು. ಎರಡು ಟ್ರಂಕು ತೆಗೆದುಕೊಂಡು ಬಂದೆ. ನಾಲ್ಕು ವರ್ಷವಾಯಿತು.

ಊರಿನವರು ಫೋನಿನಲ್ಲಿ ಬೆಂಗಳೂರಿನ ಚಳಿ, ಟ್ರಾಫಿಕ್ಕು ಕೇಳುತ್ತಾರೆ. ನನಗೆ ಕಷ್ಟವಾದದ್ದು ಅದಲ್ಲ, ಅಂಗಡಿ. ಗದಗಿನಲ್ಲಿ ಹಾಸ್ಟೆಲಿನ ಸಾಮಾನಿಗೆ ಚೀಟಿ ಕೊಟ್ಟರೆ ಮುಗಿಯಿತು. 'ಉಪ್ಪು' ಎಂದು ಬರೆದಿದ್ದರೆ ಯಾವ ಉಪ್ಪು ಎನ್ನುವುದು ಅಂಗಡಿಯವನ ಜವಾಬ್ದಾರಿ. ಕೆಟ್ಟದ್ದು ಕೊಟ್ಟರೆ ಬೈಯಲು ಮಾರನೆಯ ದಿನ ಅವನೇ ಸಿಗುತ್ತಿದ್ದ. ಇಲ್ಲಿ ಕೈಗೆ ಗಾಡಿಯೊಂದನ್ನು ಕೊಟ್ಟು ಒಳಗೆ ಬಿಡುತ್ತಾರೆ. ಉಪ್ಪಿನ ಸಾಲಿನ ಮುಂದೆ ಮೊದಲ ದಿನ ಇಪ್ಪತ್ತು ನಿಮಿಷ ನಿಂತೆ. ಒಂದರ ಮೇಲೆ ಸಮುದ್ರ, ಒಂದರ ಮೇಲೆ ಹಿಮದ ಬೆಟ್ಟ, ಇನ್ನೊಂದರ ಮೇಲೆ ಹೃದಯ. ಉಪ್ಪು ಎಲ್ಲಿ ಎಂದು ಯಾರನ್ನಾದರೂ ಕೇಳಬಹುದು. ಯಾವ ಉಪ್ಪು ಎಂದು ಕೇಳಿದರೆ ನಗುತ್ತಾರೆ.

ಭಾಷೆಯೂ ಅಲ್ಲಿಯೇ ಕೈಕೊಟ್ಟಿತು. "ಪಾವ ಕಿಲೋ ಪುಟಾಣಿ ಕೊಡವಾ" ಅಂದೆ. ಅಲ್ಲಿನ ಹುಡುಗಿ ನಗುತ್ತಾ ನನ್ನನ್ನು ಮಕ್ಕಳ ಡಯಾಪರು, ಪೌಡರು ಇಟ್ಟಿದ್ದ ಕಪಾಟಿನ ಮುಂದೆ ನಿಲ್ಲಿಸಿ, "ಪುಟಾಣಿಗೆ ಎಷ್ಟು ತಿಂಗಳು ಆಂಟಿ?" ಎಂದು ಕೇಳಿದಳು. ನಮ್ಮ ಪುಟಾಣಿ ಇಲ್ಲಿನ ಹುರಿಗಡಲೆ; ಇಲ್ಲಿನ ಪುಟಾಣಿ ಎಂದರೆ ಕೂಸು. ಶೇಂಗಾ ಇಲ್ಲಿ ಕಡ್ಲೆಕಾಯಿ ಬೀಜ. ಎಲ್ಲವನ್ನೂ ನೋಟ್ ಪುಸ್ತಕದಲ್ಲಿ ಎರಡು ಕಾಲಂ ಮಾಡಿ ಬರೆದು ಕಲಿತೆ.

ಶಾಂತಾ ಶೇಂಗಾ ಚಟ್ನಿಪುಡಿ ಮಾಡಿ ಮಾರತೊಡಗಿದ್ದು ನಾನು ಬಂದ ಎರಡನೆಯ ವರ್ಷ. "ನಿನ್ನ ಪಿಂಚಣಿ ಮ್ಯಾಲ ಎಷ್ಟ್ ದಿನ ಉಣ್ಣಲಿ?" ಎನ್ನುವುದು ಅವಳ ಮಾತು. ಲೇಬಲ್ ನಾನೇ ಬರೆದುಕೊಟ್ಟೆ: ಪದಾರ್ಥದ ಹೆಸರು, ಏನೇನು ಹಾಕಿದೆ, ಮಾಡಿದ ದಿನ, ತೂಕ. ಅಕ್ಷರ ದುಂಡಗಿತ್ತು, ತಪ್ಪಿರಲಿಲ್ಲ. ಡಬ್ಬಿಗಳು ಅಂಗಡಿಯಿಂದ ಹಾಗೆಯೇ ವಾಪಸು ಬಂದವು.

ಮೇಲಿನ ಮನೆಯ ರಮ್ಯಾ, ನಮ್ಮ ಮನೆ ಮಾಲೀಕರ ಸೊಸೆ, ಜಾಹೀರಾತು ಕಂಪನಿಯಲ್ಲಿ ಕೆಲಸ ಮಾಡುವವಳು. ಡಬ್ಬಿ ತಿರುಗಿಸಿ ನೋಡಿ, "ಆಂಟಿ, ಇದು ಚಟ್ನಿಪುಡಿನಾ, ಕೆಮ್ಮಿನ ಔಷಧೀನಾ? ಜನ ಪುಡಿ ತಗೊಳ್ಳಲ್ಲ ಆಂಟಿ, ಅದರ ಹಿಂದಿರೋ ಕಥೆ ತಗೋತಾರೆ" ಅಂದಳು. ಕಥೆಗೆ ಮುಖ ಬೇಕು. ಶಾಂತಾ ತಲೆಗೆ ಬಣ್ಣ ಹಚ್ಚುತ್ತಾಳೆ, ಚೂಡಿದಾರ ಹಾಕುತ್ತಾಳೆ. ರಮ್ಯಾಳ ಕಣ್ಣು ನನ್ನ ಬಿಳಿ ಕೂದಲಿನ ಮೇಲೆ ಬಿತ್ತು.

"ಆಕಿಗೆ ಚಹಾ ಕಾಸಾಕೂ ಬರೂದಿಲ್ಲವಾ!" ಎಂದು ಶಾಂತಾ ಬಿದ್ದು ಬಿದ್ದು ನಕ್ಕಳು.

"ಫೋಟೋದಲ್ಲಿ ಅದು ಕಾಣಲ್ವಲ್ಲ" ಅಂದಳು ರಮ್ಯಾ.

ನನ್ನ ಕನ್ನಡಕ ತೆಗೆಸಿ, ಇಳಕಲ್ ಸೀರೆ ಉಡಿಸಿ, ಎಲ್ಲಿಂದಲೋ ತಂದ ಒರಳಿನ ಮುಂದೆ ಕೂಡಿಸಿ ಫೋಟೊ ತೆಗೆದರು. 'ಗದಗಿನ ಅಜ್ಜಿಯ ಕೈರುಚಿ. ಒರಳಲ್ಲಿ ಕುಟ್ಟಿದ್ದು.' ಕುಟ್ಟುವುದು ಮಿಕ್ಸರ್ ಎಂದು ನಾನು ಹೇಳಿದೆ. "ಎಲ್ಲರೂ ಹಿಂಗೇ ಹಾಕೋದು ಆಂಟಿ" ಅಂದಳು. ತಂಗಿಯ ಮುಖ ನೋಡಿ ಒಪ್ಪಿಕೊಂಡೆ. ಹದಿನೈದು ದಿನದಲ್ಲಿ ಅಂಗಡಿಯವನೇ ಫೋನ್ ಮಾಡಿ ಇನ್ನಷ್ಟು ಡಬ್ಬಿ ಕೇಳಿದ. ಪುಡಿ ಅದೇ, ಮಾಡಿದ ಕೈ ಅದೇ. ಬದಲಾದದ್ದು ಚೀಟಿ ಮಾತ್ರ.

ಜನ ಎಷ್ಟು ಸುಲಭವಾಗಿ ಮೋಸಹೋಗುತ್ತಾರೆ ಎಂದುಕೊಂಡು ಅಡುಗೆಮನೆಗೆ ನೀರು ಕುಡಿಯಲು ಹೋದೆ. ಕಪಾಟಿನಲ್ಲಿ ನಾನೇ ಆರಿಸಿ ತಂದ ಸಾಮಾನುಗಳಿದ್ದವು. ಅರಿಶಿನದ ಮೇಲೆ ಒಬ್ಬ ಮುದುಕಿ, ಗೋಧಿಹಿಟ್ಟಿನ ಮೇಲೆ ಒಬ್ಬ ರೈತ, ಜೇನಿನ ಮೇಲೆ ಕಾಡಿನ ಹುಡುಗಿ. ಇಪ್ಪತ್ತು ನಿಮಿಷ ನಿಂತು ಆರಿಸಿದ ಉಪ್ಪಿನ ಮೇಲೆ ಹೃದಯ. ಆರಿಸಿದ್ದು ನಾನೇ ಎಂದು ಅಷ್ಟು ದಿನ ನಂಬಿದ್ದೆ.

ಒಂದು ಮಾತು ಮುಚ್ಚಿಡಬಾರದು. ಆ ಸುಳ್ಳಿನಿಂದ ನನಗೂ ಲಾಭವಾಯಿತು. ಮೊದಲೆರಡು ವರ್ಷ ಈ ಊರಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ತಂಗಿಯೊಬ್ಬಳೇ. ಈಗ ಹೂವಿನವಳು, ಪಾರ್ಕಿನ ಹೆಂಗಸರು, ಔಷಧಿ ಅಂಗಡಿಯವನು, ಎಲ್ಲರೂ "ಅಜ್ಜಿ, ಆರಾಮಾ?" ಎಂದು ನಿಲ್ಲಿಸಿ ಮಾತನಾಡಿಸುತ್ತಿದ್ದರು. ಮಾತನಾಡಿಸುತ್ತಿದ್ದುದು ಲೇಬಲ್ಲನ್ನು, ಉತ್ತರ ಕೊಡುತ್ತಿದ್ದವಳು ನಾನು.

ಕಳೆದ ತಿಂಗಳು ಜೆ.ಪಿ. ನಗರದ ಒಂದು ಅಪಾರ್ಟ್‌ಮೆಂಟಿನ ಸಂತೆಯಲ್ಲಿ ನಮಗೆ ಮೇಜು ಸಿಕ್ಕಿತು. ಅಲ್ಲಿನ ದೊಡ್ಡ ಅಂಗಡಿಯೊಂದರ ಮ್ಯಾನೇಜರ್ ಬಂದು ನೋಡುವವನಿದ್ದ. ಒಪ್ಪಿದರೆ ಅವರ ಎಲ್ಲ ಅಂಗಡಿಗಳಲ್ಲೂ ಶಾಂತಾಳ ಪುಡಿ. ಹಿಂದಿನ ದಿನ ಅವಳು ಸರಿಯಾಗಿ ಊಟವನ್ನೇ ಮಾಡಲಿಲ್ಲ. ನಾನು ಮುಂದೆ ಕುಳಿತು ಚಮಚದಲ್ಲಿ ರುಚಿ ತೋರಿಸಬೇಕು, ಅವಳು ಹಿಂದೆ ನಿಂತು ಡಬ್ಬಿ ಕಟ್ಟಬೇಕು ಎಂದು ರಮ್ಯಾ ತೀರ್ಮಾನಿಸಿದ್ದಳು.

ಮ್ಯಾನೇಜರ್ ಬಂದ, ರುಚಿ ನೋಡಿದ, ತಲೆಯಾಡಿಸಿದ. ಪಕ್ಕದಲ್ಲಿ ನಾಲ್ಕೈದು ಹೆಂಗಸರಿದ್ದರು. ಆಗ ಹಿಂದಿನಿಂದ ದೊಡ್ಡ ದನಿ ಕೇಳಿತು. "ಅಯ್ಯ! ವಾರ್ಡನ್ ಮೇಡಂ! ನೀವ್ ಯಾವಾಗ್ರೀ ಅಡಿಗಿ ಕಲತ್ರಿ?"

ನಮ್ಮ ಹಾಸ್ಟೆಲಿನಲ್ಲಿದ್ದ ರೇಣುಕಾ. ಈಗ ನಲವತ್ತರ ಹತ್ತಿರದ ಹೆಂಗಸು, ಅದೇ ಅಪಾರ್ಟ್‌ಮೆಂಟಿನವಳು. ಡಬ್ಬಿ ಎತ್ತಿ ಗಟ್ಟಿಯಾಗಿ ಓದಿದಳು. "ಒರಳಲ್ಲಿ ಕುಟ್ಟಿದ್ದು! ಮೇಡಂ, ಸುಳ್ಳ ಹೇಳಿದ್ರ ರವಿವಾರ ನಮ್ಮನ್ನ ಹೊರಗ ಬಿಡ್ತಿದ್ದಿಲ್ಲಲ್ರೀ ನೀವು. ಇವತ್ತ ರವಿವಾರನ ಐತಿ, ಹೆಂಗ ಬಂದ್ರಿ?"

ಅವಳು ಹೇಳಿದ್ದು ತಮಾಷೆಗೆ. ನಾನೂ ನಕ್ಕು ಮಾತು ತೇಲಿಸಿಬಿಡಬಹುದಿತ್ತು. ಹಿಂದೆ ಶಾಂತಾ ಡಬ್ಬಿ ಕಟ್ಟುವ ಸದ್ದು ನಿಂತಿತ್ತು. ಮ್ಯಾನೇಜರ್ ನನ್ನನ್ನೇ ನೋಡುತ್ತಿದ್ದ. ಎದ್ದು ನಿಂತೆ.

"ನನಗ ಅಡಿಗಿ ಬರೂದಿಲ್ಲ. ಇದನ್ನ ಮಾಡಿದಾಕಿ ನನ್ನ ತಂಗಿ ಶಾಂತಾ. ಇಲ್ಲೇ ನಿಂತಾಳ. ಕುಟ್ಟೂದು ಮಿಕ್ಸರಿನ್ಯಾಗ."

ಒಬ್ಬ ಹೆಂಗಸು ಡಬ್ಬಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಹೋದಳು. ಇನ್ನೊಬ್ಬಳು, "ಮತ್ತೆ ಫೋಟೋ ಯಾಕೆ ಹಾಕಿದ್ರಿ ಅಜ್ಜಿ?" ಎಂದು ನನ್ನ ಮೊಮ್ಮಗಳೇ ಏನೋ ಎನ್ನುವ ಹಾಗೆ ಗದರಿಸಿದಳು. ರಮ್ಯಾ ಹಣೆಗೆ ಕೈಹಚ್ಚಿ ಕುಳಿತಳು. ಮ್ಯಾನೇಜರ್ ಮಾತ್ರ ಇನ್ನೊಂದು ಚಮಚ ಬಾಯಿಗೆ ಹಾಕಿಕೊಂಡ. "ರುಚಿ ಇದೆ ಮೇಡಂ. ಆದ್ರೆ ಈ ಲೇಬಲ್ ಇಟ್ಕೊಂಡು ನಾನ್ ತಗೊಳ್ಳಕ್ಕಾಗಲ್ಲ. ಬದಲಾಯಿಸ್ಕೊಂಡು ಬನ್ನಿ, ನೋಡೋಣ." ನೋಡೋಣ ಎಂದರೆ ಬೆಂಗಳೂರಿನಲ್ಲಿ ಹೌದೂ ಆಗಬಹುದು, ಇಲ್ಲವೂ ಆಗಬಹುದು.

ಅರ್ಧಕ್ಕಿಂತ ಹೆಚ್ಚು ಡಬ್ಬಿ ಉಳಿದವು. ಆಟೊದಲ್ಲಿ ಬನಶಂಕರಿ ದಾಟುವವರೆಗೂ ಶಾಂತಾ ಉಳಿದ ಡಬ್ಬಿಗಳನ್ನು ಎಣಿಸುತ್ತಿದ್ದಳು. ಅವಳ ಅನ್ನಕ್ಕೆ ಕಲ್ಲು ಹಾಕಿದೆನೆಂದು ನಾನು ಚೀಲವನ್ನು ಗಟ್ಟಿಯಾಗಿ ಹಿಡಿದು ಕುಳಿತಿದ್ದೆ.

"ತಪ್ಪಾತೇನ ಶಾಂತಾ?"

"ಎರಡು ವರ್ಷದಾಗ ಇವತ್ತ ಮೊದಲನೇ ಸಲ ನನ್ನ ಹೆಸರ ಬಂತಕ್ಕಾ" ಅಂದಳು. ಆಮೇಲೆ, "ಜನಾ ನಿನ್ನ ಕೈ ಹಿಡದು ರುಚಿ ಐತಿ ಅಂತಿದ್ರು. ನಾ ಬಾಜೂಕ ಚೀಲಾ ಹಿಡಕೊಂಡು ನಿಂತಿರತಿದ್ದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಅಷ್ಟು ದಿನ ಪಕ್ಕದಲ್ಲೇ ಇದ್ದು ನಾನು ಅದನ್ನು ನೋಡಿರಲಿಲ್ಲ.

ಮರುದಿನವೇ ರಮ್ಯಾ ಹೊಸ ಲೇಬಲ್ಲಿನ ಕರಡು ತಂದುಕೊಟ್ಟಳು. ಅವಳು ಸೋಲುವವಳಲ್ಲ. ಅಕ್ಕತಂಗಿಯರಿಬ್ಬರ ಫೋಟೊ, ನನಗೆ ಕನ್ನಡಕ ಇದೆ, ಶಾಂತಾ ಚೂಡಿದಾರದಲ್ಲಿದ್ದಾಳೆ. ಕೆಂಪು ಪೆನ್ನು ಹಿಡಿದು ಕುಳಿತೆ. 'ಒರಳಲ್ಲಿ ಕುಟ್ಟಿದ್ದು' ಇನ್ನೂ ಒಂದು ಮೂಲೆಯಲ್ಲಿ ಅಡಗಿತ್ತು, ಹೊಡೆದುಹಾಕಿದೆ. 'ಶಾಂತಾಳ ಕೈರುಚಿ' ಎನ್ನುವುದರ ಪಕ್ಕ ಸರಿ ಗುರುತು ಹಾಕಿದೆ. ಮೇಲೆ ದೊಡ್ಡ ಅಕ್ಷರದಲ್ಲಿ ಉಳಿದದ್ದು ಒಂದೇ ಪದ: 'ಗದಗಿನ'.

ಶೇಂಗಾ ಬರುವುದು ಇಲ್ಲಿನ ಮಾರುಕಟ್ಟೆಯಿಂದ. ಮಾಡುವುದು ಕತ್ರಿಗುಪ್ಪೆಯಲ್ಲಿ. ಮಾಡುವವಳು ಊರು ಬಿಟ್ಟು ಕಾಲು ಶತಮಾನವಾಯಿತು. ನನ್ನ ಮತದಾರರ ಚೀಟಿಯೂ ಈಗ ಇಲ್ಲಿನದೇ. ಹೋದ ಸಲ ಪಿಂಚಣಿಯ ಕೆಲಸಕ್ಕೆ ಗದಗಿಗೆ ಹೋದಾಗ ಬ್ಯಾಂಕಿನ ಹುಡುಗಿ, "ಬೆಂಗಳೂರವರು ಬಾಳ ಅವಸರಾ ಮಾಡ್ತೀರಿ ನೋಡ್ರಿ" ಎಂದು ನನ್ನನ್ನು ಸಾಲಿನ ಕೊನೆಗೆ ಕಳಿಸಿದ್ದಳು.

"ಇದು ಖರೇನ ಏನ?" ಎಂದು ಶಾಂತಾಳನ್ನು ಕೇಳಿದೆ.

ಅವಳು ಹುರಿಯುತ್ತಿದ್ದ ಬಾಣಲೆಯಿಂದ ಕಣ್ಣೆತ್ತಲಿಲ್ಲ. "ಖರೆ ಅಲ್ಲಂದ್ರ ಏನ್ ಬರೀತಿ?"

ಆ ಪದವನ್ನು ಹೊಡೆಯಲಿಲ್ಲ. ಅದಕ್ಕೆ ಸರಿ ಗುರುತನ್ನೂ ಹಾಕಲಿಲ್ಲ. ಪೆನ್ನಿನ ಮುಚ್ಚಳ ಹಾಕಿ ಹಾಳೆಯನ್ನು ಹಾಗೆಯೇ ಮೇಲಿನ ಮನೆಗೆ ಕೊಟ್ಟು ಬಂದೆ.