ಮಾವನ ಮೇಜು

ಅಕ್ಕನಿಗೆ ಎಡಗಿವಿ ಈಗ ಸರಿಯಾಗಿ ಕೇಳಿಸುವುದಿಲ್ಲ. ಮಾವನ ಮೊದಲ ಏಟು ಬಿದ್ದದ್ದು ಆ ಬದಿಗೆ. ಅವಳೊಡನೆ ಮಾತಾಡಲಿಕ್ಕಿದ್ದರೆ ನಾನು ಬಲಕ್ಕೆ ಹೋಗಿ ಕೂರುತ್ತೇನೆ.

ಮಾವ ಎಂದರೆ ಅಮ್ಮನ ಅಣ್ಣ, ಬೊಂಬಾಯಿಯಲ್ಲಿ ಹೋಟೆಲು ನಡೆಸಿದವರು. ಅಪ್ಪ ತೀರಿಕೊಂಡ ಮೇಲೆ ಕುಲಶೇಖರದ ನಮ್ಮ ಮನೆಗೆ ಬಂದು ನಿಂತರು. ನಮ್ಮಲ್ಲಿ ಮನೆ ತಾಯಿಯಿಂದ ಮಗಳಿಗೆ ಬರುತ್ತದೆ; ಯಜಮಾನಿಕೆ ಮಾತ್ರ ಸೋದರಮಾವನದು. ಬರುವಾಗ ಅವರು ತೇಗದ ದೊಡ್ಡ ಊಟದ ಮೇಜೊಂದನ್ನು ಲಾರಿಯಲ್ಲಿ ತಂದು ಚಾವಡಿಯಲ್ಲಿ ಹಾಕಿಸಿದರು. ಹೆಂಗಸರು ನಾವು ಮೊದಲಿನಂತೆ ಅಡುಗೆಮನೆಯಲ್ಲೇ ಮಣೆಯ ಮೇಲೆ ಕೂತು ಉಣ್ಣುತ್ತಿದ್ದೆವು. ಮೇಜು ಮಾವನ ಅತಿಥಿಗಳಿಗೆ: ಬ್ಯಾರಿ ವ್ಯಾಪಾರಿಗಳು, ಕೊಂಕಣಿ ವಕೀಲರು, ಒಮ್ಮೆ ಒಬ್ಬ ಪಾರ್ಸಿ.

"ನಾನು ಕಾಸ್ಮೋಪಾಲಿಟನ್ ಮಾರಾಯ್ರೆ. ನನ್ನ ಮೇಜಿಗೆ ಜಾತಿ ಇಲ್ಲ," ಎನ್ನುತ್ತಿದ್ದರು.

ಸಾರು ಚೆಲ್ಲಿದ ಆಳನ್ನು ಅದೇ ಮೇಜಿನ ಕೆಳಗಿನಿಂದ ಒದ್ದು, ಅತಿಥಿಯ ಕಡೆ ತಿರುಗಿ "ಎಕ್ಸ್‌ಕ್ಯೂಸ್ ಮಿ" ಎಂದದ್ದನ್ನೂ ನೋಡಿದ್ದೇನೆ.

ಅಕ್ಕ ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಳು. ಅವಳ ಸಹಪಾಠಿಯೊಬ್ಬರು ಬಿಕರ್ನಕಟ್ಟೆಯ ಕ್ರಿಶ್ಚಿಯನ್. ಅವರೂ ಆ ಮೇಜಿನಲ್ಲಿ ಉಂಡವರು; ಮಾವನೇ ಕುರ್ಚಿ ಎಳೆದು ಕೂರಿಸಿದ್ದರು. ಒಂದು ಮಧ್ಯಾಹ್ನ, ಮಾವ ಉಂಡು ಕೈ ತೊಳೆದು ಬಂದ ಮೇಲೆ, ಆ ಸಹಪಾಠಿಯನ್ನೇ ಮದುವೆಯಾಗುತ್ತೇನೆಂದು ಅಕ್ಕ ಹೇಳಿದಳು.

ಮಾವ ಕೈ ಒರೆಸಿಕೊಂಡರು. ಟವೆಲನ್ನು ಮಡಚಿಟ್ಟರು. ಆಮೇಲೆ ಹೊಡೆದರು. ಅಕ್ಕನ ತಲೆ ಮೇಜಿನ ಅಂಚಿಗೆ ಬಡಿಯಿತು.

"ಊಟಕ್ಕೆ ಕೂರಿಸಿದ್ರೆ ಮನೆಯೊಳಗೇ ನುಗ್ಲಿಕ್ಕೆ ನೋಡ್ತಾನಾ ಅವನು?"

"ಮೇಜಿಗೆ ಜಾತಿ ಇಲ್ಲ ಅಂತ ನೀವೇ ಹೇಳಿದ್ದಲ್ವಾ ಮಾವ?"

"ಮೇಜಿಗೆ ಇಲ್ಲ. ನಿನಗೆ ಉಂಟು."

ಬೆಲ್ಟು ಬಿಚ್ಚಿದರು. "ಅವನನ್ನು ಬಿಡ್ತೇನೆ ಅಂತ ಹೇಳು," ಎಂದು ಒಂದೊಂದು ಏಟಿಗೂ ಕೇಳಿದರು. ಅಕ್ಕ ಹೇಳಲಿಲ್ಲ. ಹೇಳುವವರೆಗೆ ಅವರು ನಿಲ್ಲಿಸುವವರಲ್ಲ ಎಂದು ಅಕ್ಕನಿಗೂ ನನಗೂ ಗೊತ್ತಿತ್ತು. ನಾನು ಅವರ ತೋಳಿಗೆ ಜೋತುಬಿದ್ದೆ. ಬೆಲ್ಟಿನ ಬಕ್ಕಲು ನನ್ನ ಬೆರಳ ಗಂಟುಗಳನ್ನು ಸುಲಿಯಿತು. ಹುಚ್ಚು ಹಿಡಿದವರ ಮುಖವಾಗಿರಲಿಲ್ಲ ಅದು. ಲೆಕ್ಕ ತಪ್ಪಿದ್ದನ್ನು ಸರಿಮಾಡುವವರ ಮುಖ. ಉಂಡು ಎದ್ದು ಹೋಗುವಷ್ಟು ಹೊತ್ತು ಮಾತ್ರ ಅವರಿಗೆ ಎಲ್ಲರೂ ಬೇಕಿತ್ತು ಎಂದು ನನಗೆ ಆಗ ತಿಳಿಯಿತು.

ಒಳಗೆ ಅಮ್ಮ ತೆಂಗಿನಕಾಯಿ ಒಡೆಯುತ್ತಿದ್ದಳು. ಸುರತ್ಕಲ್ ದಾಟಿ ಹೋದವಳಲ್ಲ ಅವಳು. ನಮ್ಮ ಪರೀಕ್ಷೆ ಬಂದಾಗ ಯಾರಿಗೂ ಹೇಳದೆ ಬಿಕರ್ನಕಟ್ಟೆಗೆ ಹೋಗಿ ಬಾಲಯೇಸುವಿಗೆ ಮೇಣದಬತ್ತಿ ಹಚ್ಚಿ ಬರುತ್ತಿದ್ದಳು, ಅಷ್ಟೆ. ಕಾಯಿ ಒಡೆಯುವ ಸದ್ದು ನಿಂತಿತು. ಕತ್ತಿ ಹಿಡಿದುಕೊಂಡೇ ಚಾವಡಿಗೆ ಬಂದಳು.

"ಅಣ್ಣ, ಅವಳನ್ನು ಬಿಡಿ."

"ನೀನು ಒಳಗೆ ಹೋಗು. ಇದು ಯಜಮಾನನ ವಿಷಯ."

ಕತ್ತಿ ಮೇಜಿನ ಮೇಲಿದ್ದ ಮಾವನ ಎಡಗೈಯ ಪಕ್ಕಕ್ಕೇ ಬಿತ್ತು. ತೇಗದ ಚಕ್ಕೆ ಹಾರಿ ಅವರ ಕೆನ್ನೆಗೆ ತಾಗಿತು.

"ಇನ್ನೊಮ್ಮೆ ಬೀಸಿದ್ರೆ ಆ ಕೈ ಇಲ್ಲೇ ಬೀಳ್ತದೆ. ಈ ಮನೆ ನನ್ನ ಅಮ್ಮ ನನಗೆ ಕೊಟ್ಟದ್ದು. ಯಜಮಾನಿಕೆ ನಿಮಗೆ ಕೊಟ್ಟದ್ದು ನಾವು. ಹೊರಡಿ."

ಮಾವ ನಕ್ಕರು. ಅಮ್ಮ ಮರದಲ್ಲಿ ಕಚ್ಚಿದ ಕತ್ತಿಯನ್ನು ಅಲ್ಲಾಡಿಸಿ ಬಿಡಿಸತೊಡಗಿದಾಗ ಆ ನಗು ನಿಂತಿತು. ಒಂದು ಕೈಯಲ್ಲಿ ಬೆಲ್ಟು, ಇನ್ನೊಂದರಲ್ಲಿ ಜಾರುವ ಪ್ಯಾಂಟು ಹಿಡಿದು ಅಂಗಳ ದಾಟಿದರು. ಮತ್ತೆ ಬರಲಿಲ್ಲ.

ಅಮ್ಮ ಅಕ್ಕನನ್ನು ಎತ್ತಿ ನಿಲ್ಲಿಸಿ, ರಕ್ತ ತಾಗದ ಕೆನ್ನೆಗೆ ಒಂದು ಬಾರಿಸಿದಳು.

"ನನಗೆ ಮೊದಲು ಹೇಳ್ಲಿಕ್ಕೆ ನಿನಗೆ ಎಂತ ಧಾಡಿ?"

ಆಮೇಲೆ ಸೆರಗಿನಿಂದ ಅವಳ ಕಿವಿ ಒತ್ತಿಹಿಡಿದು, "ನಾಳೆ ಅವನಿಗೆ ಊಟಕ್ಕೆ ಬರ್ಲಿಕ್ಕೆ ಹೇಳು," ಎಂದಳು.

ನಾನು ಒದ್ದೆ ಬಟ್ಟೆ ತಂದು ಮೇಜಿನ ರಕ್ತ ಒರೆಸತೊಡಗಿದೆ.

"ಅವನಿಗೆ ಅಲ್ಲಿ ಅಲ್ಲ," ಎಂದಳು ಅಮ್ಮ. "ಒಳಗೆ ಇನ್ನೊಂದು ಮಣೆ ಉಂಟಲ್ಲ, ಅದನ್ನು ತೊಳೆದಿಡು."