ಶ್ರುತಿಪೆಟ್ಟಿಗೆಯ ಅಂಕಿ

ಸಾಗರ ಪೇಟೆಯ ರೇಡಿಯೋ ರಿಪೇರಿಯವರು ಯಾವ ಯಂತ್ರ ಬಂದರೂ ಮೊದಲು ಕಿವಿಗೆ ಹಿಡಿದು, "ನೋಡ್ವ" ಎನ್ನುತ್ತಿದ್ದರು. ತೊಂಬತ್ತರ ದಶಕದ ಕೊನೆಯಲ್ಲೊಂದು ದಿನ ನನ್ನ ಮಗಳ ಸಂಗೀತದ ಮೇಷ್ಟ್ರು ತಮ್ಮ ಹಳೆಯ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ಅವರ ಅಂಗಡಿಗೆ ತಂದರು. ಶ್ರುತಿ ಎಷ್ಟರಲ್ಲಿದೆ ಎಂದು ತೋರಿಸುವ ಅಂಕಿ ಅದರಲ್ಲಿ ಬೆಳಗುತ್ತಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತಿದ್ದ ನನ್ನನ್ನು ಮೇಷ್ಟ್ರು ನೋಡಲಿಲ್ಲ.

"ನಾದ ಸರಿ ಇದೆಯಲ್ಲ ಮೇಷ್ಟ್ರೇ, ಅಂಕಿ ಯಾಕೆ?" ಎಂದರು ರಿಪೇರಿಯವರು.

"ಕಿವಿ ಮಂದ ಆಗಿದೆ ಮಾರಾಯ್ರೇ. ನಂಬರ್ ನೋಡೇ ಶ್ರುತಿ ಇಡ್ತೀನಿ."

ರಿಪೇರಿಯವರು ತಮ್ಮ ಮೇಜಿನ ಡಿಜಿಟಲ್ ಗಡಿಯಾರ ಬಿಚ್ಚಿ, ಅದರ ಕೆಂಪು ಅಂಕಿಯನ್ನು ಪೆಟ್ಟಿಗೆಗೆ ಬೆಸೆದುಕೊಟ್ಟರು.

ಮೇಷ್ಟ್ರು ಹೋದ ಮೇಲೆ ನನ್ನತ್ತ ತಿರುಗಿ, "ಮಗಳು ಹೆಂಗೆ ಹಾಡ್ತಾಳೆ?" ಎಂದು ಕೇಳಿದರು.

"ಚೆನ್ನಾಗೇ ಹಾಡ್ತಾಳೆ" ಎಂದೆ.

"ಹಂಗಾದ್ರೆ ಬೇರೆ ಮೇಷ್ಟ್ರನ್ನ ಹುಡುಕಬೇಡಿ."

ನಾವು ಹುಡುಕಲಿಲ್ಲ.