ಬೋರಕ್ಕ ಓದದ ಹೆಸರು

ಚಳ್ಳಕೆರೆ ಸೀಮೆಯ ತಳಕಿನ ಆಚೆಯ ಒಂದು ಸಣ್ಣ ಊರಿನಲ್ಲಿ ಬೋರಕ್ಕನ ಬಾಯಿಗೆ ಎದುರಿರಲಿಲ್ಲ. ಕಡಲೆಕಾಯಿ ಬಿಡಿಸಲು ಕೂತರೆ ಕೈಯೂ ನಿಲ್ಲುತ್ತಿರಲಿಲ್ಲ, ಬಾಯಿಯೂ ನಿಲ್ಲುತ್ತಿರಲಿಲ್ಲ. ಅಂಥ ಬಾಯಿ ಒಂದೇ ಒಂದು ಹೆಸರಿಗೆ ಹೆದರುತ್ತಿತ್ತು, ಗಂಡನ ಹೆಸರಿಗೆ. ಅವನು ತಿಪ್ಪೇಸ್ವಾಮಿ. ನಾವು ಧಾರಾಳವಾಗಿ ಹೇಳಬಹುದು, ನಮಗೇನು! ಹೆಂಡತಿ ಹೇಳಿದರೆ ಗಂಡನ ಆಯಸ್ಸು ಕಮ್ಮಿಯಾಗುತ್ತದೆ ಎಂದು ಅವಳವ್ವ ಮದುವೆಯ ದಿನವೇ ಕಿವಿ ಹಿಂಡಿ ಹೇಳಿದ್ದಳು. ಹಾಗಾಗಿ ಅದೇ ಹೆಸರಿನ ನಾಯಕನಹಟ್ಟಿಯ ದೇವರು ಅವಳಿಗೆ ಬರೀ 'ಹಟ್ಟಿ ದೇವ್ರು'. ಮನೆ ಹಿಂದಿನ ತಿಪ್ಪೆ ಕೂಡ 'ಗೊಬ್ಬರದ ಗುಡ್ಡೆ'. ಗಂಡನಿಗೋ ಮೊದಲೇ ಗೂರಲಿನ ಉಬ್ಬಸ. ಕೆಮ್ಮು ಸ್ವಲ್ಪ ಜೋರಾದರೆ ಸಾಕು, ಇವಳ ಜೀವ ಬಾಯಿಗೆ ಬರುತ್ತಿತ್ತು.

ತೊಂಬತ್ಮೂರರಲ್ಲಿ ಸಾಕ್ಷರತಾ ಆಂದೋಲನ ಬಂತು. ದೆಹಲಿಯ ಸಚಿವಾಲಯದಿಂದ ಹೊರಟಿದ್ದು ದುರ್ಗಕ್ಕೆ ಬಂದು, ಚಳ್ಳಕೆರೆಗೆ ಬಂದು, ಕೊನೆಗೆ ಜೀಪಿನ ಮೈಕಿನಲ್ಲಿ ಆ ಊರಿಗೂ ಬಂತು. ಊರಿನ ಮುರುಗೇಂದ್ರಪ್ಪನವರ ಮಗಳು ಶಿಲ್ಪಾ ಮಧ್ಯಾಹ್ನದ ಹೊತ್ತು ಶಾಲೆಯ ಜಗಲಿಯಲ್ಲಿ ಕಲಿಸಲು ಕೂತಳು. ಬೋರಕ್ಕ ಮೊದಲನೆಯ ದಿನವೇ ಹೋದಳು. ಸೊಸೈಟಿಯಲ್ಲಿ ಸೀಮೆಎಣ್ಣೆಗೆ ಹೆಬ್ಬೆಟ್ಟು ಒತ್ತಿ, ಮಸಿಯನ್ನು ತಲೆಗೂದಲಿಗೆ ಒರೆಸಿಕೊಳ್ಳುವುದು ಅವಳಿಗೆ ಸಾಕುಸಾಕಾಗಿತ್ತು.

"ನೀನೂ ಬಾರೋ ಮಾರಾಯ" ಎಂದು ಗಂಡನನ್ನು ಕರೆದಳು.

"ಮನೆಗೊಬ್ರು ಕಲ್ತ್ರೆ ಸಾಕೇಳು" ಎಂದ ಅವನು. ಆದರೂ ದಿನಾ ಜೊತೆಗೆ ಬಂದು, ಕಂಬಕ್ಕೆ ಒರಗಿ ಹಗ್ಗ ಹೊಸೆಯುತ್ತಾ ಕೂರುತ್ತಿದ್ದ. ಅವಳು ತಡವರಿಸಿದರೆ ಅವನ ಕೈ ತಾನಾಗಿ ನಿಲ್ಲುತ್ತಿತ್ತು.

ಆರು ತಿಂಗಳಾದ ಮೇಲೆ, ಯಾರು ಎಷ್ಟು ಕಲಿತಿದ್ದಾರೆಂದು ನೋಡಲು ಸಚಿವಾಲಯ ಕಳಿಸಿದ ಮೇಡಂ ಬಂದರು. ಕನ್ನಡ ಬಾರದು. ಅವರ ಮಾತನ್ನು ಕನ್ನಡಕ್ಕೆ ಹೇಳಲು ತಾಲ್ಲೂಕಿನ ಓಂಕಾರಮೂರ್ತಿ ಮೇಷ್ಟ್ರು ಜೊತೆಗಿದ್ದರು. ಜನಕ್ಕೆ ಸುಲಭವಾಗಲಿ ಎಂದು ಮೇಷ್ಟ್ರು ಬೋರ್ಡಿನ ಮೇಲೆ ತಾವೇ ದುಂಡಗೆ ಬರೆದರು: 'ನಾಯಕನಹಟ್ಟಿಯಲ್ಲಿ ತಿಪ್ಪೇಸ್ವಾಮಿಯ ಗುಡಿ ಇದೆ.'

ಪುಣ್ಯಾತ್ಮ, ಬರೆಯಲು ಬೇರೆ ಏನೂ ಸಿಗಲಿಲ್ಲವೇ ಅವರಿಗೆ!

ಬೋರಕ್ಕ ಎದ್ದು ನಿಂತಳು. "ನಾ-ಯ-ಕ-ನ-ಹಟ್ಟಿಯಲ್ಲಿ..." ಅಲ್ಲಿಗೆ ಓದು ನಿಂತಿತು. ಮುಂದಿನ ಪ್ರತಿ ಅಕ್ಷರವೂ ಅವಳಿಗೆ ಗೊತ್ತು. ಗೊತ್ತಿದ್ದೇ ಫಜೀತಿ.

"ಓದ್ರಿ ಬೋರಕ್ಕ, ಬರುತ್ತೆ ನಿಮಗೆ" ಎಂದು ಶಿಲ್ಪಾ ಪಿಸುಗುಟ್ಟಿದಳು. ಮೇಡಂ ಪೆನ್ನು ತೆಗೆದರು. ಬಾರದು ಎಂದು ಬರೆದುಬಿಟ್ಟರೆ ಮತ್ತೆ ಅದೇ ಹೆಬ್ಬೆಟ್ಟು, ಅದೇ ಮಸಿ. ಬೋರಕ್ಕ ಕಣ್ಣು ಮುಚ್ಚಿ ಒಂದೇ ಉಸಿರಿಗೆ ಅಂದಳು: "ನಾಯಕನಹಟ್ಟಿಯಲ್ಲಿ ನಮ್ಮನೆಯಾತನ ಗುಡಿ ಇದೆ!"

ಜಗಲಿಗೆ ಜಗಲಿಯೇ ಬಿದ್ದು ಬಿದ್ದು ನಕ್ಕಿತು. "ಅದು ಅವಳ ಗಂಡನ ಹೆಸ್ರು ಕಣ್ರೀ ಸಾರ್!" ಎಂದು ಹಿಂದಿನ ಸಾಲಿನಿಂದ ಮೂಗಮ್ಮ ಕೂಗಿದಳು. ಮೇಷ್ಟ್ರು ನಾಲಿಗೆ ಕಚ್ಚಿಕೊಂಡು ಮೇಡಂಗೆ ವಿವರಿಸಿದರು. ಮೇಡಂ ನಗಲಿಲ್ಲ. ಬೋರಕ್ಕನ ಮುಖವನ್ನೇ ನೋಡಿ ಮೆಲ್ಲಗೆ ಏನೋ ಹೇಳಿದರು.

"ಮೇಡಂ ಅವರ ತಾಯಿನೂ ಯಜಮಾನರ ಹೆಸರು ಹೇಳ್ತಿರಲಿಲ್ವಂತೆ" ಎಂದರು ಮೇಷ್ಟ್ರು. "ಬಾಯಲ್ಲಿ ಹೇಳೋದು ಬೇಡ, ಬರೆದು ತೋರಿಸ್ತೀರಾ ಅಂತ ಕೇಳ್ತಾರೆ." ಅಷ್ಟು ಹೇಳಿ ಬೋರ್ಡನ್ನು ಒರೆಸಿದರು.

ಬೋರಕ್ಕ ಸೀಮೆಸುಣ್ಣ ಹಿಡಿದು ನಿಂತಳು. ಬರೆಯಬಾರದೆಂದು ಅವ್ವ ಹೇಳಿರಲಿಲ್ಲ. ಪಾಪ, ಅಕ್ಷರವನ್ನೇ ಕಾಣದ ಅವ್ವ ಅದನ್ನೆಲ್ಲಿ ಯೋಚಿಸಿದ್ದಾಳು? ಆದರೂ ಸೀಮೆಸುಣ್ಣವನ್ನು ಬೋರ್ಡಿಗೆ ತಾಗಿಸಲಿಲ್ಲ. ತಿರುಗಿ ಗಂಡನನ್ನು ನೋಡಿದಳು.

"ಬರಿಯೇ. ನಾನೆಲ್ಲಿಗೂ ಹೋಗಾಕಿಲ್ಲ" ಎಂದ ಅವನು.

ಅವಳು 'ತಿ' ಬರೆದಳು. ಅಷ್ಟರಲ್ಲಿ ಅವನಿಗೆ ಹಾಳು ಕೆಮ್ಮು ಒತ್ತಿಕೊಂಡು ಬಂತು. ಈಗ ಕೆಮ್ಮಿದರೆ ಅವಳ ಕೈ ನಿಂತೇ ಹೋಗುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತು. ಟವೆಲ್ಲನ್ನು ಬಾಯಿಗೆ ಒತ್ತಿ ಹಿಡಿದ. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು. ಅವಳು ಬೋರ್ಡಿನ ಕಡೆ ಮುಖ ಮಾಡಿ, ಒಂದೊಂದೇ ಅಕ್ಷರವನ್ನು ಒತ್ತಿ ಒತ್ತಿ ಬರೆದು ಮುಗಿಸಿದಳು. ಮೇಡಂ ಚಪ್ಪಾಳೆ ತಟ್ಟಿದ್ದೇ ತಡ, ಅವನು ಶಾಲೆಯ ಹಿಂದಕ್ಕೆ ಓಡಿ ಹೊಟ್ಟೆ ಹಿಡಿದುಕೊಂಡು ಕೆಮ್ಮಿದ. ಬೋರಕ್ಕ ಲೋಟದಲ್ಲಿ ನೀರು ಹಿಡಿದು ಹಿಂದೆಯೇ ಓಡಿದಳು. ಬೆನ್ನು ಸವರುತ್ತಾ, "ತಡ್ಕಂಡಿದ್ಯಾ, ಹುಚ್ಚಪ್ಪಾ" ಎಂದು ಅತ್ತೇಬಿಟ್ಟಳು.

ಎಲ್ಲರೂ ಹೋದ ಮೇಲೆ ಅವನು ಬೋರ್ಡಿನ ಮುಂದೆ ಬಂದು ನಿಂತ.

"ಇದು ನಾನಾ?"

"ಹೂಂ."

"ಓದೇ, ಕೇಳೋಣ."

"ನಾನು ಹೇಳಂಗಿಲ್ಲ, ಗೊತ್ತಿಲ್ವಾ? ನೀನೇ ಓದ್ಕಾ" ಎಂದಳು ಬೋರಕ್ಕ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ.

ಅವನು ಬಹಳ ಹೊತ್ತು ನೋಡಿದ. ಮರುದಿನ ಶಿಲ್ಪಾ ಬರುವಷ್ಟರಲ್ಲಿ ತಿಪ್ಪೇಸ್ವಾಮಿ ಜಗಲಿಯ ಮುಂದಿನ ಸಾಲಿನಲ್ಲಿ ಹೆಂಡತಿಯ ಸ್ಲೇಟು ಹಿಡಿದು ಕೂತಿದ್ದ. ಹಗ್ಗ ತಂದಿರಲಿಲ್ಲ.